ಚಂದ್ರನ ಮೇಲಿನ ಯಮನೂರ

ಹಗೇವಿನ ಬಾಯಿ ತೆಗೆದ ದಿನ ಯಾರೂ ಒಳಗೆ ಇಳಿಯಬಾರದು. ಇದು ಕರೆಜಾಲಿ ಊರಿನ ಎಲ್ಲರಿಗೂ ಗೊತ್ತಿದ್ದ ಮಾತು. ನೆಲದೊಳಗೆ ಆಳುದ್ದಕ್ಕಿಂತ ಆಳ ತೋಡಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕಣಜ ಅದು. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಒಳಗಿನ ಗಾಳಿ ಸತ್ತಿರುತ್ತದೆ. ಕಲ್ಲು ಸರಿಸಿ ಒಂದು ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಮನುಷ್ಯನೂ ಆರುತ್ತಾನೆ.

ಕಳಕನಗೌಡನಿಗೂ ಇದು ಗೊತ್ತಿತ್ತು. ಆದರೆ ಅವತ್ತು ಅವನಿಗೆ ಅವಸರವಿತ್ತು. ದೊಡ್ಡ ಯುದ್ಧ ಮುಗಿಯುತ್ತ ಬಂದಿದ್ದ ವರ್ಷ. ನಿಜಾಮನ ಸರಕಾರ ಬೆಳೆದವರ ಕಾಳನ್ನು ಲೇವಿ ಎಂದು ಎತ್ತಿಕೊಂಡು ಹೋಗುತ್ತಿತ್ತು. ಲೇವಿಯವರು ತಾವರಗೇರಾಕ್ಕೆ ಬಂದಿಳಿದಿದ್ದಾರೆ, ನಾಳೆ ಇಲ್ಲಿಗೇ ಬರುತ್ತಾರೆ ಎಂದು ಸುದ್ದಿ ಬಂತು. ಅಷ್ಟರೊಳಗೆ ಹಿತ್ತಲಿನ ಹಗೇವು ಖಾಲಿಯಾಗಬೇಕು. ಜೋಳ ಹೊಲದ ಬಣವೆಗಳೊಳಗೆ ಅಡಗಬೇಕು.

ಮಾದರ ಕೇರಿಯಿಂದ ಬಾಲಪ್ಪನನ್ನೂ ಅವನ ಮಗ ಯಮನೂರನನ್ನೂ ಕರೆಸಿದರು. ಆ ಮನೆತನ ಅಜ್ಜನ ಕಾಲದಿಂದ ಗೌಡನ ಜೀತಕ್ಕಿತ್ತು. ಸತ್ತ ದನ ಎಳೆಯುವುದು, ತೊಗಲು ಹದ ಮಾಡುವುದು, ಬಾವಿಗೆ ತೊಗಲಚೀಲ ಹೊಲಿಯುವುದು, ಗೌಡನ ಕಾಲಿಗೆ ಮೆಟ್ಟು ಮಾಡುವುದು, ಕರೆದಾಗ ಹೋಗಿ ನಿಲ್ಲುವುದು. ಯಮನೂರನಿಗೆ ಆಗಷ್ಟೇ ಮೀಸೆ ಚಿಗುರಿತ್ತು. ಮೈ ಸಣ್ಣದು. ಹಗೇವಿನ ಬಾಯಿಗೆ ಸರಿಯಾದ ಮೈ.

ಅವನ ತಾಯಿ ಯಂಕವ್ವ ಅಲ್ಲೇ ಹಿತ್ತಲಿನಲ್ಲಿ ಸಗಣಿ ಬಳಿಯುತ್ತಿದ್ದಳು. ಕಲ್ಲು ಸರಿಸಿದ್ದನ್ನು ಕಂಡಳು. ಒಳಗಿನಿಂದ ಎದ್ದ ಮುಗ್ಗಲು ವಾಸನೆ ಆಕೆಯ ಮೂಗಿಗೂ ಬಡಿಯಿತು.

"ದೀಪ ಇಳಸೂಣ್ರಿ ಯಪ್ಪಾ," ಎಂದ ಬಾಲಪ್ಪ.

"ದೀಪಕ್ಕ ಎಣ್ಣಿ ನಿಮ್ಮಪ್ಪ ತಂದಿಟ್ಟಾನೇನಲೇ? ಇಳಸು ಹುಡುಗನ್ನ."

"ನಾಳಿ ಮುಂಜಾನಿ ಇಳೀತಾನ್ರಿ. ವಾಸನಿ ಭಾಳ ಕೆಟ್ಟೈತ್ರಿ."

"ನಿಮ್ಮ ಕೇರಿ ವಾಸನಿಗಿಂತ ಕೆಟ್ಟೈತೇನು?"

ಸುತ್ತ ನಿಂತ ಆಳುಗಳು ನಕ್ಕರು. ಯಮನೂರ ಅಪ್ಪನ ಕೈ ಹಿಡಿದು, "ಬಿಡಪಾ, ಲಗೂನ ತುಂಬಿಕೊಟ್ಟು ಬರ್ತೀನಿ," ಎಂದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ತಾಯಿಯ ಕಡೆಗೊಮ್ಮೆ ನೋಡಿದ. ಇಳಿದ.

ಒಳಗಿನಿಂದ ಒಂದು ಕೆಮ್ಮು ಬಂತು. ಆಮೇಲೆ "ಯವ್" ಎಂದಿದ್ದು ಕೇಳಿತು. ಯವ್ವಾ ಎನ್ನುವಷ್ಟು ಉಸಿರು ಅವನಿಗೆ ಸಿಗಲಿಲ್ಲ.

ಬಾಲಪ್ಪ ಹಗೇವಿಗೆ ಹಾರಲು ಹೋದ. ಇಬ್ಬರು ಹಿಡಿದುಕೊಂಡರು. "ಅವನ್ನ ಬಿಡಬ್ಯಾಡ್ರಿ," ಎಂದ ಗೌಡ. "ಅಂವನೂ ಸತ್ರ ತೊಗಲ ಹದಾ ಮಾಡಾವ್ರ್ಯಾರು?"

ಹಗ್ಗ ಹಿಡಿದು ಎಳೆದರು. ಯಮನೂರ ಚೀಲದ ಹಾಗೆ ಮೇಲೆ ಬಂದ. ಮೂಗಿನಲ್ಲಿ, ಕಿವಿಯಲ್ಲಿ, ತೆರೆದ ಬಾಯಲ್ಲಿ ಜೋಳ. ಯಂಕವ್ವ ಸಗಣಿಯ ಕೈಯಲ್ಲೇ ಮಗನ ಬಾಯಿಂದ ಒಂದೊಂದೇ ಕಾಳು ತೆಗೆದಳು. ಎಲ್ಲ ತೆಗೆದರೆ ಉಸಿರು ಬಂದೀತು ಎಂಬ ಹಾಗೆ ತೆಗೆಯುತ್ತಲೇ ಇದ್ದಳು. ಯಾರೋ, "ಕಾಳ ಅಲ್ಲೇ ಚೆಲ್ಲು, ಒಯ್ಯಬ್ಯಾಡ," ಎಂದರು.

ಹೋದ ಸುಗ್ಗಿಯಲ್ಲಿ ಅದೇ ಜೋಳದಲ್ಲಿ ಮೊಣಕಾಲುಮಟ ನಿಂತು ಹಗೇವು ತುಂಬಿದವನು ಯಮನೂರನೇ. ಆಗ ಜೋಳಕ್ಕೆ ಮೈಲಿಗೆ ತಟ್ಟಿರಲಿಲ್ಲ. ಅವನು ಅದರಲ್ಲಿ ಸತ್ತದ್ದಕ್ಕೆ ತಟ್ಟಿತು. ಗೋಮೂತ್ರ ಚಿಮುಕಿಸಿದರು. ಹೆಣ ಇನ್ನೂ ಕೇರಿ ಮುಟ್ಟುವ ಮೊದಲೇ ಇನ್ನೊಬ್ಬನನ್ನು ಕರೆಯಲು ಆಳು ಹೋದ.

ಮರುದಿನ ಲೇವಿಯವರು ಬರಲಿಲ್ಲ. ಅವರು ಬೇರೆ ಊರಿಗೆ ಹೋಗಿದ್ದರು.

ಅಲ್ಲಿಂದ ಬಾಲಪ್ಪ ಮಾತು ಬಿಟ್ಟ. ಕರೆದರೆ ಏಳುತ್ತಿದ್ದ, ಇಟ್ಟರೆ ಉಣ್ಣುತ್ತಿದ್ದ. ತೊಗಲು ಹರವಿ ಕೂತರೆ ಹೆರೆಯುತ್ತ ಹೆರೆಯುತ್ತ ತೂತು ಬೀಳಿಸುತ್ತಿದ್ದ. ಗೌಡನ ಕಡೆಯವರು ಅದಕ್ಕೂ ಹೊಡೆದರು. ಯಂಕವ್ವ ಮಾತಾಡಿಸಿ ಮಾತಾಡಿಸಿ ಸೋತಳು. ಮಗನಂತೂ ಹೋದ, ಗಂಡನೂ ಅವನ ಹಿಂದೆಯೇ ಹಗೇವಿಗೆ ಇಳಿದು ಅಲ್ಲೇ ಕೂತಿದ್ದಾನೆ ಅನ್ನಿಸುತ್ತಿತ್ತು ಆಕೆಗೆ.

ಮುಂದಿನ ಚಳಿಗಾಲಕ್ಕೆ ಹೈದರಾಬಾದಿನ ಕಡೆಯಿಂದ ಒಬ್ಬ ಸಾಹೇಬ ಬಂದ. ನಕ್ಷತ್ರ ನೋಡುವ ಸಾಹೇಬ. ಕುಷ್ಟಗಿಯ ಆಚೆ ಒಂದು ಗುಡ್ಡದ ಮೇಲೆ ಡೇರೆ ಹಾಕಿದ. ಅವನ ಪೆಟ್ಟಿಗೆ ಹೊರಲು ಊರೂರಿನಿಂದ ಬಿಟ್ಟಿ ಆಳು ಹಿಡಿದರು. ಬಾಲಪ್ಪನೂ ಹೋದ. ಒಂದು ಪೆಟ್ಟಿಗೆಯಂತೂ ಹೆಣಕ್ಕಿಂತ ಭಾರ. ಕಾಲಡಿಯಲ್ಲಿ ಕಲ್ಲು ಜಾರುವ ಗುಡ್ಡ. ನಾಲ್ಕು ಜನ ತಲೆಯ ಮೇಲೆ ಹೊತ್ತು, ಕುತ್ತಿಗೆ ಮುರಿಯುವ ಹಾಗೆ ಹತ್ತಿದರು. ಅದರೊಳಗೆ ಹಿತ್ತಾಳೆಯ ದೊಡ್ಡ ದುರ್ಬೀನು ಇತ್ತು.

ಕೆಲಸ ಮುಗಿಸಿ ಹೊರಟಾಗ ಸೂರ್ಯ ಆಗಷ್ಟೇ ಮುಳುಗಿದ್ದ. ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ಸಾಹೇಬ ದುರ್ಬೀನು ಹೊಂದಿಸುತ್ತಿದ್ದವನು ಬಾಲಪ್ಪನನ್ನು ಕೈಮಾಡಿ ಕರೆದ. ಅವನ ಮುನಶಿ, "ಇವ್ರು ಮುಟ್ಟಬಾರದ ಮಂದಿ," ಎಂದ. ಸಾಹೇಬ ಕೇಳಲಿಲ್ಲ. ಬಾಲಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡು, ಯಾವುದಕ್ಕೂ ಮೈ ತಾಗದ ಹಾಗೆ ಬಾಗಿ, ಗಾಜಿಗೆ ಕಣ್ಣು ಹಚ್ಚಿದ. ಭಾಳ ಹೊತ್ತು ನೋಡಿದ. ಆಮೇಲೆ, "ಅಲ್ಲಿ ಮಂದಿ ಅದಾರೇನ್ರಿ?" ಎಂದು ಕೇಳಿದ. ಸಾಹೇಬ ಹೇಳಿದ್ದನ್ನು ಮುನಶಿ ಕನ್ನಡದಲ್ಲಿ ಹೇಳಿದ: "ಅಲ್ಲಿ ಗಾಳಿ ಇಲ್ಲಂತ. ಮನುಷ್ಯಾರು ಬದುಕಂಗಿಲ್ಲಂತ."

ಮನೆಗೆ ಬಂದ ಬಾಲಪ್ಪ ಹೊಸ್ತಿಲಲ್ಲೇ ನಿಂತು ಹೆಂಡತಿಯನ್ನು ಕರೆದ.

"ಯಂಕೀ, ಚಂದ್ರನ ತುಂಬ ಹಗೇವು ಅದಾವ. ಎಲ್ಲಾದ್ರದೂ ಬಾಯಿ ತಗದಾವ. ಗಾಳಿ ಇಲ್ಲಂತ."

ಮಗ ಸತ್ತ ಮೇಲೆ ಅವನಾಡಿದ ಮೊದಲ ಮಾತು ಅದು. ಯಂಕವ್ವನಿಗೆ ಗಂಡನ ತಲೆ ಕೆಟ್ಟಿತು ಅನ್ನಿಸಿತು. ಆದರೂ ಮಾತು ಬಂತಲ್ಲ ಎಂದು ಒಳಗೆ ಹೋಗಿ ಒಲೆಯ ಮುಂದೆ ಕೂತು ಮುಖ ಮುಚ್ಚಿಕೊಂಡಳು.

ಕತೆ ಹುಟ್ಟಿದ್ದು ತೊಗಲಿನ ಗುಂಡಿಯ ಹತ್ತಿರ. ಮಧ್ಯಾಹ್ನದ ಹೊತ್ತು. ಹೆಂಗಸರು ತೊಗಲಿನ ಹದಕ್ಕೆ ತಂಗಡಿ ಗಿಡದ ತೊಗಟೆ ಕುಟ್ಟುತ್ತಿದ್ದರು. ಗಂಡಸರು ಸುಣ್ಣದಲ್ಲಿ ನೆನೆದ ತೊಗಲಿನ ಕೂದಲು ಹೆರೆಯುತ್ತಿದ್ದರು. ಸುಣ್ಣ ತಿಂದ ಬೆರಳುಗಳ ಸಂದಿಯಲ್ಲಿ ರಕ್ತ. ಬಾಲಪ್ಪ ತಲೆ ಎತ್ತದೆ ಶುರು ಮಾಡಿದ.

"ಮುಂದ ಒಂದು ಕಾಲ ಬರ್ತೈತಿ. ಆಗ ಮನುಷ್ಯಾರು ಕಬ್ಬಿಣದ ಗಾಡಿ ಕಟ್ಟಿ ಚಂದ್ರಗ ಹೊಕ್ಕಾರ. ಮೊದಲ ಗೌಡ್ರು ಹೊಕ್ಕಾರ. ನೆಲಾ ಖಾಲಿ ಐತಲ್ಲ, ತಮ್ಮದಂತಾರ. ಹೋದಮ್ಯಾಲೆ ಗೊತ್ತಾಕ್ಕೈತಿ, ಗಾಳಿ ಇಲ್ಲಂತ. ಆಗ ನಮ್ಮನ್ನ ಕರೀತಾರ."

ಮುದುಕವ್ವ ಎಂಬ ಕೇರಿಯ ಹಿರಿಯಳು ನಕ್ಕಳು. "ಅಲ್ಲೀಗೂ ಬಿಟ್ಟಿ ತಪ್ಪಲಿಲ್ಲೇನೋ ಯಪ್ಪಾ ನಮಗ?"

"ಹೆಂಗ ತಪ್ಪತೈತಿ ಆಯೀ? ಗಾಳಿ ಊದಬೇಕಂದ್ರ ತಿದಿ ಬೇಕು. ತಿದಿಗೆ ತೊಗಲ ಬೇಕು. ತೊಗಲ ಯಾರು ಮುಟ್ಟತಾರ?"

ಬಾಲಪ್ಪ ಹೇಳುತ್ತ ಹೋದ. ಚಂದ್ರನ ಒಂದೊಂದು ಹಗೇವಿನಲ್ಲಿ ಒಂದೊಂದು ಊರು. ಹಗೇವಿನ ಬಾಯಿಗೆ ಸಾವಿರ ತೊಗಲು ಕೂಡಿಸಿ ಹೊಲಿದ ಮುಚ್ಚಳ. ಮೇಲಿನ ಮನೆಗಳಲ್ಲಿ ಒಡೆಯರು. ತಳದಲ್ಲಿ ಬೆಟ್ಟದಂಥ ತಿದಿ. ಅದನ್ನು ಹಗಲೂ ರಾತ್ರಿ ಒತ್ತುವ ಕುಲದ ಹೆಸರು ಊದೋರು. ಅವರು ಚಂದ್ರನ ಕಲ್ಲು ಕಾಸಿ ಅದರೊಳಗಿನ ಗಾಳಿ ಬಿಡಿಸಿ ಮೇಲಕ್ಕೆ ಊದುತ್ತಾರೆ. ಒಡೆಯರ ಮನೆಗೆ ಗಾಳಿ ಬಾಗಿಲಷ್ಟು ಅಗಲದ ಕೊಳವೆಯಲ್ಲಿ ಹೋಗುತ್ತದೆ. ಊದೋರಿಗೆ ಬರುವುದು ಬೆರಳು ದಪ್ಪದ ಕೊಳವೆಯಲ್ಲಿ. ಅದರ ಬಿರಡೆ ಒಡೆಯರ ಆಳಿನ ಕೈಯಲ್ಲಿ. ಎದುರು ಮಾತಾಡಿದರೆ ಬಿರಡೆ ತಿರುಗುತ್ತದೆ. ಊದೋರ ಕೂಸುಗಳು ಅಳುವುದಿಲ್ಲ. ಅತ್ತರೆ ಉಸಿರು ಖರ್ಚಾಗುತ್ತದೆ ಎಂದು ತಾಯಂದಿರು ಬಾಯಿ ಮುಚ್ಚುತ್ತಾರೆ.

"ಆ ಕೇರ್‍ಯಾಗ ಒಬ್ಬ ಹುಟ್ಟತಾನ," ಎಂದ ಬಾಲಪ್ಪ. "ಅಂವ ಕೇಳ್ತಾನ, ಗಾಳಿ ಊದಾವ್ರು ನಾವು, ಉಸುರಾಡಾಕ ಯಾರ್ನ ಯಾಕ ಕೇಳಬೇಕು ಅಂತ. ಅವನ ಹೆಸರು ಯಮನೂರ."

ಯಂಕವ್ವ ಕುಟ್ಟುತ್ತಿದ್ದ ತೊಗಟೆಯನ್ನು ಬಾಚಿ ಗಂಡನ ಮುಖಕ್ಕೆ ಎಸೆದಳು.

"ಸತ್ತ ಮಗನ್ನ ಕತಿ ಮಾಡ್ತಿ? ನಾಚಿಕಿ ಆಗಂಗಿಲ್ಲ ನಿನಗ? ಮಣ್ಣಾಗಾದ್ರೂ ತಣ್ಣಗಿರ್ಲಿ ಬಿಡು ಅಂವ!"

ಅವತ್ತು ಆಕೆ ಅಲ್ಲಿಂದ ಎದ್ದು ಹೋದಳು. ಮರುದಿನವೂ ದೂರ ಕೂತಳು. ಆದರೆ ಕಿವಿ ಅಲ್ಲೇ ಇತ್ತು. ಕತೆಯಲ್ಲಿ ಯಮನೂರ ಬೆಳೆಯುತ್ತಿದ್ದ. ಆಳಿನ ಕೈಯಿಂದ ಬಿರಡೆ ಕಿತ್ತುಕೊಂಡಿದ್ದ. ಹಗೇವಿನಿಂದ ಹಗೇವಿಗೆ ಸುರಂಗ ತೋಡಿ ಅಲ್ಲಿಯ ಊದೋರನ್ನು ಕಂಡು ಬಂದಿದ್ದ. ಒಡೆಯರು ಅವನನ್ನು ಹುಡುಕುತ್ತಿದ್ದರು, ಅವನು ಸಿಗುತ್ತಿರಲಿಲ್ಲ. ಕೆಲವು ದಿನಗಳಾದ ಮೇಲೆ ಯಂಕವ್ವನ ಬಾಯಿಂದ ಅರಿವಿಲ್ಲದೆಯೇ ಬಂತು:

"ಇವತ್ತ ಏನ ಉಂಡಾನ ಅಂವ?"

ಎಲ್ಲರೂ ಕೈಯ ಕೆಲಸ ನಿಲ್ಲಿಸಿದರು. ಬಾಲಪ್ಪ ಹೆಂಡತಿಯ ಮುಖ ನೋಡಿದ. "ರೊಟ್ಟಿ ಉಂಡಾನ," ಎಂದ. "ಬಿಸಿ ರೊಟ್ಟಿ. ಪುಂಡಿಪಲ್ಲೆ."

"ಅವಗ ಪುಂಡಿಪಲ್ಲೆ ಅಂದ್ರ ಜೀವ," ಎಂದಳು ಯಂಕವ್ವ, ಪಕ್ಕದವಳಿಗೆ ಹೇಳುವ ಹಾಗೆ.

ಅವತ್ತಿನಿಂದ ಕತೆ ಗಂಡಹೆಂಡತಿ ಇಬ್ಬರದೂ ಆಯಿತು. ಅವನು ಹೋರಾಟ ಹೇಳುತ್ತಿದ್ದ. ಇವಳು ಮಗನಿಗೆ ಚಳಿಗೆ ಕಂಬಳಿ ಹೊದಿಸುತ್ತಿದ್ದಳು, ಗಾಯಕ್ಕೆ ಅರಿಶಿನ ಮೆತ್ತುತ್ತಿದ್ದಳು, ಎಂಥ ಹುಡುಗಿಯನ್ನು ತರಬೇಕೆಂದು ಯೋಚಿಸುತ್ತಿದ್ದಳು. ಗೌಡನ ಹಿತ್ತಲಿನಲ್ಲಿ ಆ ಕಲ್ಲಿನ ಪಕ್ಕವೇ ದಿನಾ ಸಗಣಿ ಎತ್ತಬೇಕಿತ್ತು. ಮೊದಲು ಆ ಕಡೆಗೆ ಬೆನ್ನು ಮಾಡಿಯೇ ಎತ್ತುತ್ತಿದ್ದಳು. ಈಗ, ಇಲ್ಲ, ಅವನು ಇಲ್ಲಿಲ್ಲ, ಎಂದುಕೊಂಡು ಬುಟ್ಟಿ ಎತ್ತುತ್ತಿದ್ದಳು.

ಕೇರಿಯೆಲ್ಲ ಕತೆಗೆ ಬಿದ್ದಿತು. ಬಾಲಪ್ಪ ಒಂದು ದಿನ, "ಯಮನೂರ ತಿದಿ ಮ್ಯಾಲಿನ ಕೈ ತಗದ. ಎಲ್ಲಾರ ಕೈನೂ ತಗಸಿದ," ಎಂದು ನಿಲ್ಲಿಸಿದಾಗ ದೊಡ್ಡ ಜಗಳವೇ ಆಯಿತು.

"ತಿದಿ ನಿಂತ್ರ ಊದೋರ ಕೂಸುಗಳೂ ಸಾಯ್ತಾವಲ್ಲ ಕಾಕಾ?" ಎಂದು ಕೇಳಿದವನು ದುರುಗಪ್ಪ. ಬಾಲಪ್ಪನ ದಾಯಾದಿಯ ಮಗ, ಯಮನೂರನ ಸರೀಕ.

"ಒಡೆಯರ ಮನಿಯಾಗ ಗಾಳಿ ತುಂಬಿಟ್ಟಿರ್ತಾರ. ಅವ್ರು ತಡ ಸಾಯ್ತಾರ," ಎಂದ ಇನ್ನೊಬ್ಬ.

"ಏ ಖೋಡಿಗೋಳ್ರ್ಯಾ," ಎಂದಳು ಮುದುಕವ್ವ. "ತಿದಿ ಬಾಯಿ ಯಾರ ಕೈಯಾಗೈತಿ? ನಮ್ಮ ಕಡೆ ತಿರುವ್ರಿ. ಮೊದಲ ನಾವು, ಉಳದದ್ದು ಅವ್ರಿಗೆ."

ಮುಂದೇನಾಯಿತು ಎಂದು ಬಾಲಪ್ಪ ಹೇಳಲಿಲ್ಲ. ನಾಳೆ ಎನ್ನುತ್ತಿದ್ದ. ನಾಳೆ ಬಂದರೆ ಬೇರೆ ಏನೋ ಹೇಳುತ್ತಿದ್ದ. ಯಾಕೆಂದು ಯಂಕವ್ವನಿಗೆ ಗೊತ್ತಿತ್ತು. ಎದುರು ನಿಂತವನನ್ನು ಒಡೆಯರು ಬಿಡುವುದಿಲ್ಲ. ಕತೆ ಮುಂದೆ ಹೋದರೆ ಮಗ ಇನ್ನೊಮ್ಮೆ ಸಾಯಬೇಕಾಗುತ್ತದೆ. ಆಕೆಯೂ ಕೇಳಲಿಲ್ಲ.

ಬ್ರಿಟಿಷರು ಹೋದರು. ಗದಗಿನ ಕಡೆ ಬಾವುಟ ಏರಿತಂತೆ ಎಂದು ಸುದ್ದಿ ಬಂತು. ನಿಜಾಮನ ಸೀಮೆಯಲ್ಲಿ ಏನೂ ಏರಲಿಲ್ಲ. ಗಡಿಯಾಚೆ ಗಜೇಂದ್ರಗಡ, ಮುಂಡರಗಿಯ ಕಡೆ ನಿಜಾಮನ ವಿರುದ್ಧ ನಿಂತ ಹೋರಾಟಗಾರರ ಕ್ಯಾಂಪುಗಳಿದ್ದವು. ಈಚೆ ಪೊಲೀಸರು ಯಾರನ್ನು ಕಂಡರೂ ಬಡಿಯುತ್ತಿದ್ದರು. ಮುಂದಿನ ಬೇಸಗೆಯಲ್ಲಿ ಕಳಕನಗೌಡ ಮತ್ತೆ ಹಗೇವು ತೆಗೆಸಿದ. ಈಗಲೂ ಅವಸರ. ಗದ್ದಲದ ಕಾಲ, ಕಾಳು ಗಡಿ ದಾಟಿಸಿದರೆ ಒಳ್ಳೆಯ ಬೆಲೆ. ಗೌಡನ ಕರೆ ಒಯ್ಯುವ ವಾಲೀಕಾರ ದ್ಯಾವಪ್ಪ ಕೇರಿಗೆ ಬಂದು ದುರುಗಪ್ಪನನ್ನು ಕರೆದ. ದುರುಗಪ್ಪ ಆಗಷ್ಟೇ ಮದುವೆಯಾಗಿದ್ದ.

"ದೀಪ ಇಳಸ್ಯಾರೇನು?" ಎಂದು ಕೇಳಿದ ದುರುಗಪ್ಪ.

"ದೀಪ ಯಾಕಲೇ? ನಡಿ."

"ದೀಪ ಉರದ್ರ ಬರ್ತೀನಿ. ಇಲ್ಲಾಂದ್ರ ಇಳಿಯಂಗಿಲ್ಲ."

"ಯಾರ ಕಲಿಸಿದ್ರಲೇ ನಿನಗ ಈ ಮಾತು?"

ದುರುಗಪ್ಪ ಹೊರಳಿ ನೋಡಿದ. ಹಿಂದೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವನು, "ಯಮನೂರ ಕಲಿಸ್ಯಾನ," ಎಂದುಬಿಟ್ಟ.

ದ್ಯಾವಪ್ಪ ಬೇರೆಯವರನ್ನು ಕರೆದ. ಯಾರೂ ಏಳಲಿಲ್ಲ. ಎಲ್ಲರ ಬಾಯಲ್ಲೂ ಅದೇ ಹೆಸರು. ಅವನು ಹೋಗಿ ಗೌಡನಿಗೆ ಹಾಗೆಯೇ ಹೇಳಿದ.

"ಯಾವಾಂವಲೇ ಅಂವ ಯಮನೂರ?" ಎಂದು ಗೌಡ ಗುಡುಗಿದ.

ತನ್ನ ಹಗೇವಿನಲ್ಲಿ ಸತ್ತ ಹುಡುಗನ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ಅದು ಬಾಲ್ಯಾನ ಮಗ. ಗಡಿಯಾಚೆಯಿಂದ ಬಂದ ಯಾರೋ ಕೇರಿಯಲ್ಲಿ ಅಡಗಿ ಇವರ ತಲೆ ಕೆಡಿಸುತ್ತಿದ್ದಾನೆ ಎಂದುಕೊಂಡ. ಠಾಣೆಗೆ ಆಳು ಓಡಿಸಿದ. ಮರುದಿನ ಮುಂಜಾನೆ ಜಮಾದಾರ ಪೊಲೀಸರೊಂದಿಗೆ ಬಂದ.

ಕೇರಿಯನ್ನೆಲ್ಲ ಹೊಡೆದುಕೊಂಡು ಗೌಡನ ಹಿತ್ತಲಿಗೆ ತಂದರು. ಹಿಂದಿನ ದಿನ ಯಾರೂ ಇಳಿಯದ್ದರಿಂದ ಹಗೇವಿನ ಕಲ್ಲಿಗೆ ಮತ್ತೆ ಮಣ್ಣು ಮೆತ್ತಿದ್ದರು, ಈಗ ಅದನ್ನು ಒಡೆದು ಬಾಯಿ ತೆಗೆಸಿದ್ದರು. ಗುಡಿಸಲುಗಳನ್ನು ಜಾಲಾಡಿದರು, ಸುಣ್ಣದ ಗುಂಡಿಗೆ ಕೋಲು ಹಾಕಿ ಕಲಕಿದರು. ಯಮನೂರ ಸಿಗಲಿಲ್ಲ. ಯಮನೂರನ ಸುದ್ದಿ ಹೇಳುವವನು ಬಾಲಪ್ಪ ಎಂದು ಯಾರೋ ಬಾಯಿಬಿಟ್ಟರು. ಅವನನ್ನು ಗಾಡಿಯ ಗಾಲಿಗೆ ಕಟ್ಟಿದರು.

"ಎಲ್ಲದಾನ ಯಮನೂರ?"

"ಮ್ಯಾಲದಾನ್ರಿ."

"ಗಜೇಂದ್ರಗಡದ ಕ್ಯಾಂಪಿನ್ಯಾಗೇನು?"

"ಅದಕ್ಕಿಂತ ಮ್ಯಾಲ್ರಿ."

ಪಡುವಣದ ಆಕಾಶದಲ್ಲಿ ಹಗಲಿನ ಚಂದ್ರ ಬಿಳಿಚಿಕೊಂಡು ಇಳಿಯುತ್ತಿದ್ದ. ಬಾಲಪ್ಪ ಗದ್ದ ಎತ್ತಿ ತೋರಿಸಿದ. ಜಮಾದಾರನಿಗೆ ಅದು ಚೇಷ್ಟೆಯಾಗಿ ಕಂಡಿತು. ಲಾಠಿ ಅಂಗಾಲಿಗೆ ಬಿತ್ತು. ಮೊಣಕಾಲಿಗೆ ಬಿತ್ತು. ಆಮೇಲೆ ಎದೆಗೆ. ಒಳಗೆ ಏನೋ ಮುರಿದ ಸದ್ದು ಯಂಕವ್ವನಿಗೂ ಕೇಳಿತು.

"ಇಲ್ಲ ಅನ್ನು. ಅಂಥಾಂವ ಯಾರೂ ಇಲ್ಲ, ಸುಳ್ಳು ಹೇಳೀನಿ ಅನ್ನು. ಬಿಡತೀನಿ."

ಬಾಲಪ್ಪ ಬಾಯಲ್ಲಿ ತುಂಬಿದ ರಕ್ತ ಉಗುಳಿದ. "ಅದಾನ್ರಿ," ಎಂದ.

ಮತ್ತೆ ಎದೆಗೆ ಬಿತ್ತು.

"ಅದಾನ್ರಿ."

ಇನ್ನೊಂದು ಏಟು ಬಿದ್ದರೆ ಆ ಮಾತೂ ಬರುವುದಿಲ್ಲ ಎಂದು ಯಂಕವ್ವನಿಗೆ ಅನ್ನಿಸಿತು. ಆಕೆ ಪೊಲೀಸನ ಕೋಲು ಹಿಡಿದು ಕೂಗಿದಳು.

"ಸತ್ತಾನ್ರೀ! ಯಮನೂರ ಸತ್ತಾನ! ನನ್ನ ಮಗ ಅಂವ. ಇದಽ ಹಗೇದಾಗ ಸತ್ತಾನ. ಕತಿ ಅದು, ಬರೇ ಕತಿ. ಎಲ್ಲೂ ಇಲ್ಲ ನನ್ನ ಮಗ. ಬಿಡ್ರಿ ಇವನ್ನ, ನಿಮ್ಮ ಕಾಲ ಬೀಳ್ತೀನಿ!"

ಬಾಲಪ್ಪ ತಲೆ ಎತ್ತಿದ. ಅಷ್ಟು ಹೊಡೆತಕ್ಕೂ ಕಾಣದ ನೋವು ಅವನ ಕಣ್ಣಲ್ಲಿತ್ತು. ಹೆಂಡತಿಯನ್ನು ಒಮ್ಮೆ ನೋಡಿದ. ಆಮೇಲೆ ಕಣ್ಣು ಮುಚ್ಚಿದ.

"ಓಹೋ, ಅಂವಾ?" ಎಂದ ಗೌಡ. "ನಮ್ಮ ಹಗೇದಾಗ ಬಿದ್ದ ಹುಡುಗ?" ಅವನು ನಕ್ಕ. ಜಮಾದಾರನೂ ನಕ್ಕ. ಗೌಡ ಕೇರಿಯವರ ಕಡೆ ತಿರುಗಿದ. "ಕೇಳಿದ್ರಿಲ್ಲ? ಹಡದಾಕಿನಽ ಹೇಳ್ಯಾಳ, ಸತ್ತಾನಂತ. ಏಳ್ರಿನ್ನ. ಇಳಸ್ರಿ ಆ ದುರುಗ್ಯಾನ್ನ."

ದುರುಗಪ್ಪನ ಸೊಂಟಕ್ಕೆ ಹಗ್ಗ ಬಿಗಿದು ದೂಡಿಕೊಂಡು ಬಂದರು. ಅವನು ಈಗ ಎದುರಾಡಲಿಲ್ಲ. ಕತೆ ಹೋದ ಮೇಲೆ ಅವನಲ್ಲಿ ಏನೂ ಉಳಿದಿರಲಿಲ್ಲ. ಬೆನ್ನು ಬಗ್ಗಿಸಿ ಹಗೇವಿನ ಅಂಚಿಗೆ ಬಂದು ಕಾಲು ಇಳಿಬಿಟ್ಟ. ಒಳಗಿನಿಂದ ಅದೇ ಮುಗ್ಗಲು ವಾಸನೆ ಬರುತ್ತಿತ್ತು.

ಯಂಕವ್ವ ಹೋಗಿ ಅವನನ್ನು ಪಕ್ಕಕ್ಕೆ ನೂಕಿದಳು. ಹಗೇವಿನ ಬಾಯಿಗೆ ಅಡ್ಡ ಮಲಗಿದಳು.

"ಏಳಬೇ," ಎಂದ ಗೌಡ.

"ಏಳಂಗಿಲ್ಲ."

"ನೀನಽ ಅಂದಿ, ಸತ್ತಾನಂತ."

"ಹೂಂ. ಸತ್ತಾನ. ಅದಕ್ಕಽ ಇನ್ನೊಬ್ಬ ಇಳಿಯಂಗಿಲ್ಲ. ಅಂವ ಬದುಕಿದ್ರ ನಾ ಸುಮ್ಮನಿರ್ತಿದ್ದೆ. ಸತ್ತಾನ. ದೀಪ ಇಳಸ್ರಿ, ಇಲ್ಲಾಂದ್ರ ನನ್ನ ಇದರಾಗ ಒಗೀರಿ."

ಒದ್ದರು. ಕೂದಲು ಹಿಡಿದು ಎಳೆದರು. ಆಕೆ ಹಗೇವಿನ ಅಂಚಿನ ಕಲ್ಲು ಬಿಡಲಿಲ್ಲ. ಉಗುರು ಕಿತ್ತು ಬಂತು, ಬಿಡಲಿಲ್ಲ. ಮುದುಕವ್ವ ಕೋಲೂರುತ್ತ ಬಂದು ಆಕೆಯ ಪಕ್ಕ ಕೂತಳು. ದುರುಗಪ್ಪನ ಹೊಸ ಹೆಂಡತಿ ಬಂದು ಕೂತಳು. ಒಬ್ಬೊಬ್ಬರಾಗಿ ಕೇರಿಯ ಹೆಂಗಸರು ಬಂದು ಹಗೇವಿನ ಸುತ್ತ ಕೂತರು. ಬಿಸಿಲು ಏರುತ್ತಿತ್ತು. ಜಮಾದಾರನಿಗೆ ಬೇಸರ ಬಂತು. ಹುಡುಕಿಕೊಂಡು ಬಂದ ಹೋರಾಟಗಾರ ಸತ್ತ ಹುಡುಗನಾಗಿದ್ದ. ಅವನು ಕುದುರೆ ಹತ್ತುತ್ತ, "ಒಂದು ದೀಪಕ್ಕ ಇಷ್ಟ ಯಾಕ್ರಿ ಗೌಡ್ರ? ಇಳಸಿಬಿಡ್ರಿ," ಎಂದು ಹೇಳಿ ಹೊರಟುಹೋದ.

ದ್ಯಾವಪ್ಪ ದೀಪ ತಂದು ಹಗ್ಗಕ್ಕೆ ಕಟ್ಟಿ ಇಳಿಸಿದ. ಅರ್ಧಕ್ಕೆ ಹೋಗುವ ಮೊದಲೇ ಅದು ಆರಿತು. ಗೌಡ ಮನೆಯೊಳಗೆ ಹೋದ. ಅವತ್ತು ಹಗೇವಿಗೆ ಯಾರೂ ಇಳಿಯಲಿಲ್ಲ.

ಬಾಲಪ್ಪನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಪಕ್ಕೆ ಮುರಿದಿತ್ತು. ಕೆಮ್ಮಿದರೆ ರಕ್ತ. ಯಂಕವ್ವ ಬೇವಿನ ಸೊಪ್ಪು ಬಿಸಿ ಮಾಡಿ ಕಟ್ಟಿದಳು, ಗಂಜಿ ಕುಡಿಸಿದಳು, ಹೊಲಸು ತೆಗೆದಳು. ಕೇರಿಯವರು ಬಂದು, "ಯಂಕವ್ವ ಇರಲಿಕ್ಕಂದ್ರ ದುರುಗಪ್ಪ ಹೋಗಿಬಿಡ್ತಿದ್ದ," ಎಂದು ಹೊಗಳುತ್ತಿದ್ದರು. ಬಾಲಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಹೆಂಡತಿಯೊಂದಿಗೆ ಮಾತಿಲ್ಲ. ಮಳೆ ಹಿಡಿದ ಮೇಲೆ ಒಂದು ಸಂಜೆ ಅವನೇ ಕೇಳಿದ.

"ಯಾಕ ಹಂಗಂದಿ?"

"ನಿನ್ನ ಕೊಲ್ಲತಿದ್ರು."

"ಕೊಂದ್ರ ನಾ ಒಬ್ಬ ಹೊಕ್ಕಿದ್ದೆ. ಅಂವ ಉಳೀತಿದ್ದ."

"ನನಗ ನೀ ಬೇಕಾಗಿದ್ದಿ."

ಬಾಲಪ್ಪ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. ಅವನ ಎದೆ ಹಳೆಯ ತಿದಿಯ ಹಾಗೆ ಸದ್ದು ಮಾಡುತ್ತಿತ್ತು.

"ಭಾಳ ಹುಡುಕಿದೆ ಯಂಕೀ. ಕಣ್ಣ ಮುಚ್ಚಿ ಎಲ್ಲಾ ಹಗೇದಾಗೂ ಹೊಕ್ಕು ನೋಡಿದೆ. ಸಿಗವಲ್ಲ."

ಆಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಯಂಕವ್ವ ಅಳಲಿಲ್ಲ. ಗೌಡನ ಹಿತ್ತಲಿನಲ್ಲಿ ತಾನು ಕೂಗಿದ ಮಾತು ಅಡ್ಡ ನಿಂತಿತ್ತು. ಅದನ್ನು ದಾಟಿ ಏನೂ ಹೊರಗೆ ಬರುತ್ತಿರಲಿಲ್ಲ. ತೊಗಲಿನ ಗುಂಡಿಯ ಹತ್ತಿರ ಕೂತಾಗ ತಾನೇ ಕತೆ ಮುಂದುವರಿಸಲು ನೋಡಿದಳು. ಯಮನೂರ ಎಂದು ಶುರು ಮಾಡಿದರೆ ಮುಂದಿನ ಮಾತು ಸತ್ತಾನ ಎಂದೇ ಬರುತ್ತಿತ್ತು.

ಬಾಲಪ್ಪ ಸತ್ತ ಕೆಲವೇ ವಾರಕ್ಕೆ ಹಿಂದುಸ್ತಾನದ ಫೌಜು ಬಂತು. ನಿಜಾಮನ ಆಳ್ವಿಕೆ ಮುಗಿಯಿತು ಎಂದರು. ಕರೆಜಾಲಿಯ ಚಾವಡಿಯ ಮುಂದೆ ಬಾವುಟ ಏರಿಸುವುದೆಂದಾಯಿತು. ಏರಿಸುವವನು ಕಳಕನಗೌಡ. ತಲೆಯ ಮೇಲೆ ಹೊಸ ಬಿಳಿ ಟೋಪಿ. ಯಲಬುರ್ಗಾ, ಕೊಪ್ಪಳದ ಕಡೆಯಿಂದ ದೊಡ್ಡ ಮಂದಿ ಬರುವವರಿದ್ದರು. ಗೌಡ ದ್ಯಾವಪ್ಪನನ್ನು ಕಳಿಸಿ ಯಂಕವ್ವನನ್ನು ಕರೆಸಿದ.

"ಬಿಟ್ಟಿಗೆ ಬರಂಗಿಲ್ಲಂತ ಹೇಳು," ಎಂದಳು ಯಂಕವ್ವ.

"ಬಿಟ್ಟಿಗಲ್ಲವಾ. ನಿನಗ ಹಾರ ಹಾಕ್ತಾರಂತ."

ಕೇರಿಯವರನ್ನು ಚಾವಡಿಯಿಂದ ದೂರ, ಜಾಲಿಮರದ ಹತ್ತಿರ ನಿಲ್ಲಿಸಿದ್ದರು. ಹಲಗೆ ಬಾರಿಸಲು ದುರುಗಪ್ಪ ಮತ್ತು ಇನ್ನೂ ಕೆಲವರನ್ನು ಮುಂದೆ ಕರೆದಿದ್ದರು. ಬಾವುಟ ಏರಿತು. ಜೈಕಾರವಾಯಿತು. ಗೌಡ ಮಾತಿಗೆ ನಿಂತ. ಈ ಊರೂ ದೇಶಕ್ಕೆ ರಕ್ತ ಕೊಟ್ಟಿದೆ ಎಂದ. ನಮ್ಮ ಬಾಲಪ್ಪ ಎಂದ. ಅಲ್ಲಿಯವರೆಗೆ ಅವನ ಬಾಯಲ್ಲಿ ಬಾಲ್ಯಾ ಎಂದಲ್ಲದೆ ಬಾಲಪ್ಪ ಎಂದು ಬಂದಿರಲಿಲ್ಲ. ಹೋರಾಟಗಾರರ ಗುಟ್ಟು ಬಿಟ್ಟುಕೊಡದೆ ನಿಜಾಮನ ಪೊಲೀಸರ ಲಾಠಿಗೆ ಎದೆಯೊಡ್ಡಿದ ವೀರ ಎಂದ. ಅವನ ಹೆಂಡತಿ ಇಲ್ಲಿದ್ದಾಳೆ ಎಂದು ಕೈ ತೋರಿಸಿದ. ಬಂದ ದೊಡ್ಡ ಮಂದಿ ಚಪ್ಪಾಳೆ ತಟ್ಟಿದರು. ಹಾರವನ್ನು ಯಾರೂ ಆಕೆಯ ಕೊರಳಿಗೆ ಹಾಕಲಿಲ್ಲ. ದ್ಯಾವಪ್ಪ ಅದನ್ನು ತಂದು, ಕೈ ತಾಗದ ಹಾಗೆ, ಆಕೆಯ ಸೆರಗಿನೊಳಗೆ ಹಾಕಿದ.

ಯಂಕವ್ವ ಸೆರಗು ಕೊಡವಿದಳು. ಹಾರ ನೆಲಕ್ಕೆ ಬಿತ್ತು.

"ಪೊಲೀಸರನ್ನ ಕರಿಸಿದಾಂವ ನೀನು," ಎಂದಳು. ದೂರ ನಿಂತಿದ್ದರಿಂದ ಕೂಗಿ ಹೇಳಬೇಕಾಯಿತು. "ನನ್ನ ಗಂಡನ್ನ ಗಾಲಿಗೆ ಕಟ್ಟಿದ್ದು ನಿನ್ನ ಹಿತ್ತಲದಾಗ. ನಿನ್ನ ಗಾಡಿ ಗಾಲಿಗೆ."

ಚಪ್ಪಾಳೆ ನಿಂತಿತು. ದೊಡ್ಡ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಗೌಡನ ಮುಖ ಕೆಂಪಾಯಿತು. ಅವನು ಹಲಗೆಯವರ ಕಡೆ ತಿರುಗಿದ.

"ಬಾರಸ್ರೋ!"

ದುರುಗಪ್ಪನ ಸೊಂಟದಲ್ಲಿ ಹಲಗೆ ಇತ್ತು. ಕೈಯಲ್ಲಿ ಕೋಲಿತ್ತು. ಅವನು ಬಾರಿಸಲಿಲ್ಲ.

"ಬಾರಸಲೇ ದುರುಗ್ಯಾ!"

ದುರುಗಪ್ಪ ಕೋಲನ್ನು ನೆಲಕ್ಕೆ ಇಟ್ಟ. ಅವನ ಪಕ್ಕದವನೂ ಇಟ್ಟ. ಉಳಿದವರೂ ಇಟ್ಟರು. ಚಾವಡಿಯ ಮುಂದೆ ಗಾಳಿಗೆ ಬಾವುಟ ಪಟಪಟಿಸುವುದು ಬಿಟ್ಟರೆ ಬೇರೆ ಸದ್ದಿಲ್ಲ. ಊರೆಲ್ಲ ಯಂಕವ್ವನ ಬಾಯಿ ನೋಡುತ್ತಿತ್ತು. ಹುಟ್ಟಿದಾಗಿನಿಂದ ಆಕೆಯ ಮಾತಿಗೆ ಇಷ್ಟು ಜನ ಸುಮ್ಮನೆ ನಿಂತಿದ್ದಿಲ್ಲ. ಈಗ ಏನು ಹೇಳಿದರೂ ಎಲ್ಲರಿಗೂ ಕೇಳುತ್ತಿತ್ತು.

ಆಕೆ ಹೇಳಲು ಬಾಯಿ ತೆರೆದಳು. ಅಳು ಬಂತು. ಇಬ್ಬರನ್ನೂ ಮಣ್ಣು ಮಾಡಿದಾಗ ಬಾರದ ಅಳು. ನಿಂತಲ್ಲೇ ಕುಸಿದು, ಎರಡೂ ಕೈಯಿಂದ ನೆಲ ಬಡಿದು, ಎದೆ ಹರಿಯುವ ಹಾಗೆ ಅತ್ತಳು. ಮುದುಕವ್ವ ಬಂದು ಪಕ್ಕದಲ್ಲಿ ಕೂತಳು. ಸುಮ್ಮನಿರು ಎನ್ನಲಿಲ್ಲ.